ಸ್ಪ್ರಿಂಕ್ಲರ್ ಇದೆ ಸರಿ, ಯಾವ ಸರಕಿಗೆ?

ಉಗ್ರಾಣದ ಚಾವಣಿಯಲ್ಲಿ ಕೆಂಪು ಬಣ್ಣದ ಕೊಳವೆಗಳು ಕಂಡೊಡನೆ ಕಟ್ಟಡ ಸುರಕ್ಷಿತವೆಂದು ನಂಬುವುದು ವರ್ತಕ ವಲಯದಲ್ಲಿ ರೂಢಿಯಾಗಿಬಿಟ್ಟಿದೆ. ಬಾಡಿಗೆ ಕರಾರಿನಲ್ಲಿ ಒಂದು ಸಾಲು, ಸ್ಥಿರಾಸ್ತಿ ಪಟ್ಟಿಯಲ್ಲಿ ಒಂದು ನಮೂದು, ಅಲ್ಲಿಗೆ ವಿಷಯ ಮುಗಿಯಿತು. ಆ ವ್ಯವಸ್ಥೆಯನ್ನು ಯಾವ ಸರಕಿಗಾಗಿ, ಎಷ್ಟು ಎತ್ತರದ ದಾಸ್ತಾನಿಗಾಗಿ ವಿನ್ಯಾಸಗೊಳಿಸಲಾಗಿತ್ತೆಂದು ವಿಚಾರಿಸುವವರು ವಿರಳ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಕಟ್ಟಡಗಳನ್ನು ಬಳಕೆಗನುಗುಣವಾಗಿ ವರ್ಗೀಕರಿಸುತ್ತದೆ. ಕೈಗಾರಿಕಾ ಕಟ್ಟಡಗಳಲ್ಲಿಯೇ ಜಿ-1, ಜಿ-2, ಜಿ-3 ಎಂದು ಅಲ್ಪ, ಮಧ್ಯಮ, ಅಧಿಕ ಅಪಾಯದ ಮೂರು ಉಪವರ್ಗಗಳಿವೆ. ದಾಸ್ತಾನಿಗೆ ‘ಎಚ್’ ವರ್ಗ, ಅಪಾಯಕಾರಿ ಬಳಕೆಗೆ ‘ಜೆ’ ವರ್ಗ. ಸ್ಪ್ರಿಂಕ್ಲರ್ ವಿನ್ಯಾಸಕ್ಕೂ ಅಪಾಯದ ಶ್ರೇಣಿಗಳು ಬೇರೆಯಾಗಿ ಇವೆ. ಇವೆರಡೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ಶ್ರೇಣಿ ಬದಲಾದರೆ ನೀರಿನ ಲೆಕ್ಕ ಎಷ್ಟು ಬದಲಾಗುತ್ತದೆಂಬುದನ್ನು ಅಮೆರಿಕದ ಎನ್‌.ಎಫ್‌.ಪಿ.ಎ. 13 ಮಾನಕದಲ್ಲಿ ಸ್ಪಷ್ಟವಾಗಿ ಕಾಣಬಹುದು. ಕಚೇರಿಯಂತಹ ಲಘು ಅಪಾಯದ ಸ್ಥಳಕ್ಕೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 4.1 ಲೀಟರ್, 139 ಚದರ ಮೀಟರ್ ವಿಸ್ತೀರ್ಣದ ಮೇಲೆ, ಕನಿಷ್ಠ 30 ನಿಮಿಷ. ಅತ್ಯಧಿಕ ಅಪಾಯದ ಎರಡನೆಯ ಗುಂಪಿಗೆ 16.3 ಲೀಟರ್, 232 ಚದರ ಮೀಟರ್, ಕನಿಷ್ಠ 90 ನಿಮಿಷ. ಗುಣಿಸಿ ನೋಡಿದರೆ, ಅಗ್ನಿಶಾಮಕ ದಳದ ಮೆದುಗೊಳವೆಗೆ ಬೇಕಾದುದನ್ನು ಬಿಟ್ಟೂ, ಮೊದಲನೆಯದಕ್ಕೆ ಸುಮಾರು 17,000 ಲೀಟರ್, ಎರಡನೆಯದಕ್ಕೆ ಸುಮಾರು 3,40,000 ಲೀಟರ್ ನೀರು ಬೇಕು. ಇಪ್ಪತ್ತು ಪಟ್ಟು! ಪಂಪು, ಕೊಳವೆಯ ವ್ಯಾಸ, ತೊಟ್ಟಿ ಎಲ್ಲವೂ ಇದನ್ನೇ ಅವಲಂಬಿಸಿವೆ. (ಚಲನಚಿತ್ರಗಳಲ್ಲಿ ತೋರಿಸುವಂತೆ ಎಲ್ಲ ಸ್ಪ್ರಿಂಕ್ಲರುಗಳೂ ಒಮ್ಮೆಲೇ ಸುರಿಯುವುದಿಲ್ಲ, ಸಾಮಾನ್ಯ ವ್ಯವಸ್ಥೆಯಲ್ಲಿ ಶಾಖ ತಗುಲಿದವು ಮಾತ್ರ ತೆರೆಯುತ್ತವೆ. ಬೆಂಕಿಯು ವಿನ್ಯಾಸದ ವಿಸ್ತೀರ್ಣವನ್ನು ಮೀರಿ ಹರಡಿದರೆ ಒತ್ತಡ ಕುಸಿದು ಯಾವುದೂ ಸಾಲದಾಗುತ್ತದೆ.)

ಇದು ಕೇವಲ ಕಾಗದದ ಲೆಕ್ಕವಲ್ಲ. 1982ರ ಜೂನ್ 21ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆ-ಮಾರ್ಟ್ ಸಂಸ್ಥೆಯ ಸುಮಾರು 12 ಲಕ್ಷ ಚದರ ಅಡಿಯ ವಿತರಣಾ ಉಗ್ರಾಣ ಸುಟ್ಟು ನಾಶವಾಯಿತು. ಅಲ್ಲಿ ಸ್ಪ್ರಿಂಕ್ಲರ್ ಇತ್ತು, ಒಳಗೆ ತಡೆಗೋಡೆಗಳೂ ಇದ್ದವು. ಆದರೆ ಇತರ ಸರಕಿನೊಡನೆ ದಹ್ಯ ದ್ರವದ ಏರೊಸಾಲ್ ಡಬ್ಬಿಗಳನ್ನೂ ಪೇರಿಸಲಾಗಿತ್ತು. ಅವು ಸಿಡಿದು ಉರಿಯುತ್ತಾ ಹಾರಿ ಬೆಂಕಿಯನ್ನು ಹಬ್ಬಿಸಿದವು. 1987ರ ಮೇ 27ರಂದು ಒಹಾಯೋದ ಡೇಟನ್ ನಗರದ ಬಣ್ಣದ ಉಗ್ರಾಣದಲ್ಲಿಯೂ ಸ್ಪ್ರಿಂಕ್ಲರ್ ಸೋತಿತು. ಸುರಿದ ನೀರು ರಾಸಾಯನಿಕಗಳೊಡನೆ ನಗರದ ಅಂತರ್ಜಲವನ್ನು ಸೇರುವುದೆಂಬ ಭಯದಿಂದ ಕಟ್ಟಡವನ್ನು ಉರಿಯಲು ಬಿಡಬೇಕಾಯಿತು.

ನಮ್ಮ ಕೈಗಾರಿಕಾ ಬಡಾವಣೆಗಳಲ್ಲಿ ಶೆಡ್ಡುಗಳು ಕೈ ಬದಲಾಗುವ ಬಗೆಯನ್ನು ಗಮನಿಸಬೇಕು. ನಿನ್ನೆ ಉಕ್ಕಿನ ಬಿಡಿಭಾಗಗಳಿದ್ದಲ್ಲಿ ಇಂದು ಫೋಮ್ ಹಾಸಿಗೆ, ನಾಳೆ ಥಿನ್ನರ್ ಡ್ರಮ್ಮು. ಬಾಡಿಗೆ ಉಳಿಸಲು ರ‍್ಯಾಕ್‌ಗಳು ಚಾವಣಿಯತ್ತ ಏರುತ್ತವೆ. ಕೊಳವೆಗಳು ಮಾತ್ರ ಹಳೆಯವೇ. ಪ್ರಚಲಿತ ಅಗ್ನಿವಿಮಾ ಪಾಲಿಸಿಗಳಲ್ಲಿ ವ್ಯಾಪಾರದ ಅಥವಾ ಬಳಕೆಯ ಸ್ವರೂಪ ಬದಲಾಗಿ ಅಪಾಯ ಹೆಚ್ಚಿದರೆ ವಿಮಾದಾರರ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಸಾಮಾನ್ಯ. ಪ್ರೀಮಿಯಂ ಕಟ್ಟಿದ ರಸೀದಿಯನ್ನು ಜೋಪಾನವಾಗಿಡುವ ಮಾಲೀಕರು ಈ ಷರತ್ತನ್ನು ಓದುವುದು ಬೆಂಕಿ ಬಿದ್ದ ನಂತರವೇ.

ಸಣ್ಣ ಉದ್ಯಮಿಗೆ ಮೂರು ಲಕ್ಷ ಲೀಟರಿನ ತೊಟ್ಟಿ ಎಲ್ಲಿಂದ ಬರಬೇಕೆಂಬ ಆಕ್ಷೇಪ ನ್ಯಾಯವಾದುದೇ. ಎಲ್ಲರೂ ಅತ್ಯುನ್ನತ ಶ್ರೇಣಿಯ ವ್ಯವಸ್ಥೆಯನ್ನೇ ಹಾಕಬೇಕೆಂಬುದು ಅವಿವೇಕ. ಅನಗತ್ಯ ಪಂಪು ಕೂಡ ಸತ್ತ ಬಂಡವಾಳ. ಅಪಾಯಕಾರಿ ದಾಸ್ತಾನನ್ನು ಪ್ರತ್ಯೇಕ ಕೊಠಡಿಗೆ ಸ್ಥಳಾಂತರಿಸುವುದು, ಪೇರಿಸುವ ಎತ್ತರವನ್ನು ತಗ್ಗಿಸುವುದು, ಪ್ರಮಾಣವನ್ನು ಮಿತಗೊಳಿಸುವುದು ಬಹಳ ಸಂದರ್ಭಗಳಲ್ಲಿ ಅಗ್ಗದ ದಾರಿ. ದಹ್ಯ ದ್ರವಗಳಿದ್ದಲ್ಲಿ ಬರಿಯ ನೀರು ಸಾಲದೆ ನೊರೆಯ ವ್ಯವಸ್ಥೆಯೂ ಬೇಕಾಗಬಹುದು. ಅದನ್ನು ಅರ್ಹ ಅಭಿಯಂತರರೇ ನಿರ್ಧರಿಸಬೇಕು, ಕೊಳವೆ ಮಾರುವ ಗುತ್ತಿಗೆದಾರರಲ್ಲ.

ವಾಣಿಜ್ಯ ಮಂಡಳಿಯು ತನ್ನ ಸದಸ್ಯರಿಗಾಗಿ ಒಂದು ಮಾದರಿ ಬಾಡಿಗೆ ಕರಾರನ್ನು ಸಿದ್ಧಪಡಿಸುವುದು ಯುಕ್ತ. ವಿನ್ಯಾಸದ ಅಪಾಯ ಶ್ರೇಣಿ, ನೀರಿನ ಸಾಂದ್ರತೆ ಮತ್ತು ವಿಸ್ತೀರ್ಣ, ಅನುಮತಿಸಿದ ಸರಕು, ಪೇರಿಸುವ ಗರಿಷ್ಠ ಎತ್ತರ ಇವಿಷ್ಟೂ ಅದರ ಅನುಬಂಧದಲ್ಲಿರಲಿ. ಇದೇ ವಿನ್ಯಾಸ ವಿವರಗಳನ್ನು ಮುಖ್ಯ ಕವಾಟದ ಬಳಿ ಲೋಹದ ಫಲಕದಲ್ಲಿ ಬರೆಸಿ ತೂಗುಹಾಕಲು ತಗಲುವ ವೆಚ್ಚ ಅಂಗಡಿಯ ನಾಮಫಲಕದ ವೆಚ್ಚಕ್ಕಿಂತ ಹೆಚ್ಚಾಗಲಾರದು.