ನಡೆಯುವ ಯಂತ್ರ ಹೇಗಿರಬೇಕು?

ಗಾಲಿಯು ಮಾನವನ ಮಹತ್ತರವಾದ ಆವಿಷ್ಕಾರಗಳಲ್ಲೊಂದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗಾಲಿಗೂ ಒಂದು ಮಿತಿಯುಂಟು. ಅದು ಸರಾಗವಾಗಿ ಉರುಳಬೇಕಾದರೆ ರಸ್ತೆ ಬೇಕು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುವ ಪ್ರಯಾಣಿಕನಿಗೆ ಈ ಮಾತು ಹೊಳೆಯಲಾರದು. ಅದೇ ಜಿಲ್ಲೆಯ ಪೂರ್ವಭಾಗದಲ್ಲಿರುವ ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳಿಗೆ ಹೋದರೆ ಅದು ತಾನಾಗಿಯೇ ತಿಳಿಯುತ್ತದೆ. ಕಲ್ಲುಮುಳ್ಳಿನ ಇಳಿಜಾರಿನಲ್ಲಿ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳು ಅಲ್ಲಿಂದ ಮತ್ತೆ ಮತ್ತೆ ಬಂದಿವೆ.

ರಸ್ತೆ ಮಾಡಿಸಿದರಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಬಹುದಾದ ಕಡೆ ಮಾಡಿಸಲೇಬೇಕು. ಆದರೆ ಕಾಡನ್ನು ಸೀಳುವ ರಸ್ತೆಗೆ ವನ್ಯಪ್ರಾಣಿಗಳು ಬೆಲೆ ತೆರಬೇಕಾಗುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿಯ ವಾಹನ ಸಂಚಾರವನ್ನು ನಿರ್ಬಂಧಿಸಿರುವುದು ಈ ಕಾರಣದಿಂದಲೇ. ಹೀಗಿರುವಲ್ಲಿ, ಕಾಲುಹಾದಿಯಲ್ಲಿಯೇ ಹೊರೆ ಹೊತ್ತು ನಡೆಯಬಲ್ಲ ಯಂತ್ರದ ವಿಚಾರವು ಕೇವಲ ಕುತೂಹಲದ ಸಂಗತಿಯಲ್ಲ.

ಅಂತಹ ಯಂತ್ರಗಳ ಪ್ರಯತ್ನ ಹೊಸದೇನೂ ಅಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 1968ರಲ್ಲಿ ನಾಲ್ಕು ಕಾಲಿನ ಭಾರೀ ಯಂತ್ರವೊಂದನ್ನು ನಡೆಸಿ ತೋರಿಸಿತು. ಅದರೊಳಗೆ ಕುಳಿತ ಚಾಲಕನು ತನ್ನ ಕೈಕಾಲುಗಳ ಚಲನೆಯಿಂದಲೇ ಅದರ ಕಾಲುಗಳನ್ನು ಆಡಿಸಬೇಕಾಗಿದ್ದುದರಿಂದ ಬಹುಬೇಗ ದಣಿಯುತ್ತಿದ್ದನು. ಜಪಾನಿನ ವಾಸೆಡಾ ವಿಶ್ವವಿದ್ಯಾನಿಲಯವು 1973ರಲ್ಲಿ ಎರಡು ಕಾಲಿನ ಯಂತ್ರಮಾನವನನ್ನು ನಿರ್ಮಿಸಿತು. ಮುಂದೆ ಗಣಕಯಂತ್ರವು ಚಾಲಕನ ಸ್ಥಾನಕ್ಕೆ ಬಂದಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ‘ಸ್ಟೋಕ್’ ಎಂಬ ನಾಲ್ಕು ಕಾಲಿನ ಯಂತ್ರವನ್ನು ನಿರ್ಮಿಸಿದ್ದಾರೆ. ಇಂದು ಇಂತಹ ಯಂತ್ರಗಳು ಓಡುತ್ತವೆ, ನೆಗೆಯುತ್ತವೆ, ಕುಣಿಯುತ್ತವೆ. ನೋಡಿದವರು ಬೆರಗಾಗುತ್ತಾರೆ. ಆದರೆ ನಮ್ಮ ನೆಲಕ್ಕೆ ಬೇಕಾದುದು ಕುಣಿಯುವ ಯಂತ್ರವಲ್ಲ, ಹೊರೆಯೊಡನೆ ದಣಿಯದೆ ನಿಲ್ಲಬಲ್ಲ ಯಂತ್ರ ಎಂಬುದು ನನ್ನ ಅಭಿಪ್ರಾಯ.

ನಿಲ್ಲುವುದು ಸುಲಭವೆಂದು ನಾವು ಭಾವಿಸುತ್ತೇವೆ. ಮೊಣಕಾಲನ್ನು ಅರ್ಧ ಬಗ್ಗಿಸಿ ಐದು ನಿಮಿಷ ನಿಂತು ನೋಡಿದರೆ ಸತ್ಯಾಂಶ ತಿಳಿಯುತ್ತದೆ. ಮೋಟಾರಿನ ಪಾಡೂ ಹಾಗೆಯೇ. ಹೊರೆಯೂ ಸೇರಿ 40 ಕಿಲೋಗ್ರಾಂ ತೂಗುವ ಯಂತ್ರವೊಂದು ಎರಡು ಕಾಲುಗಳ ಮೇಲೆ ಭಾರ ಬಿಟ್ಟಾಗ ಒಂದೊಂದು ಕಾಲಿನ ಮೇಲೂ ಸುಮಾರು 200 ನ್ಯೂಟನ್ ಬಲ ಬೀಳುತ್ತದೆ. ಕಾಲು ಬಾಗಿ, ಮಂಡಿಯು ಪಾದದ ನೇರದಿಂದ 15 ಸೆಂಟಿಮೀಟರ್ ಆಚೆಗಿದ್ದರೆ, ಮಂಡಿಯ ಮೋಟಾರು 30 ನ್ಯೂಟನ್-ಮೀಟರಿನಷ್ಟು ತಿರುಗುಬಲವನ್ನು ಎಡೆಬಿಡದೆ ಒದಗಿಸುತ್ತಿರಬೇಕು. ಯಂತ್ರ ಒಂದಡಿಯೂ ಮುಂದೆ ಹೋಗದಿದ್ದರೂ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಅದೆಲ್ಲವೂ ಶಾಖವಾಗಿ ವ್ಯರ್ಥವಾಗುತ್ತದೆ. ಕಾಲನ್ನು ನೇರಗೊಳಿಸಿ ಆ ಅಂತರವನ್ನು 3 ಸೆಂಟಿಮೀಟರಿಗೆ ಇಳಿಸಿದರೆ 6 ನ್ಯೂಟನ್-ಮೀಟರು ಸಾಕು. ಶಾಖವು ವಿದ್ಯುತ್ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ತಿರುಗುಬಲ ಐದನೆಯ ಒಂದು ಭಾಗವಾದಾಗ ಶಾಖವು ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಈ ಪಾಠವನ್ನು ಬಂಡೀಪುರದ ಆನೆಯು ನಮಗಿಂತ ಮೊದಲೇ ಕಲಿತಿದೆ. ಅದರ ಕಾಲುಗಳು ಕಂಬಗಳಂತೆ ನೇರವಾಗಿವೆ. ದೇಹದ ಭಾರವನ್ನು ಬಹುಮಟ್ಟಿಗೆ ಮೂಳೆಗಳೇ ಹೊರುತ್ತವೆ. ಪಾದದ ಒಳಗಿರುವ ಕೊಬ್ಬಿನ ಮೆತ್ತೆಯು ನೆಲದ ಪೆಟ್ಟನ್ನು ತಾಳಿಕೊಳ್ಳುತ್ತದೆ. ಎಷ್ಟೇ ವೇಗವಾಗಿ ಹೋದರೂ ಆನೆಯು ನಾಲ್ಕು ಕಾಲುಗಳನ್ನೂ ಒಮ್ಮೆಲೇ ನೆಲದಿಂದ ಎತ್ತುವುದಿಲ್ಲ. ಅದೇ ಕಾಡಿನ ಜಿಂಕೆಯು ಬೇರೊಂದು ಪಾಠವನ್ನು ಹೇಳಿಕೊಡುತ್ತದೆ. ಅದರ ದಪ್ಪ ಸ್ನಾಯುಗಳು ದೇಹಕ್ಕೆ ಸಮೀಪದಲ್ಲಿವೆ. ಕೆಳಗಿನ ಕಾಲಿನಲ್ಲಿ ತೆಳುವಾದ ಮೂಳೆ ಮತ್ತು ಸ್ನಾಯುರಜ್ಜುಗಳಷ್ಟೇ ಇವೆ. ಹಗುರವಾದ ಕಾಲನ್ನು ಬೀಸಲು ಕಡಮೆ ಶ್ರಮ ಸಾಕು. ‘ಸ್ಟೋಕ್’ ಯಂತ್ರದ ಮೊದಲ ರೂಪದಲ್ಲಿಯೂ ಮೋಟಾರುಗಳು ಸೊಂಟದ ಬಳಿಯಿದ್ದು, ಹಗುರವಾದ ಕಾರ್ಬನ್ ಕೊಳವೆಗಳ ಸಂಧಿಗಳ ಮೂಲಕ ಕಾಲನ್ನು ಆಡಿಸುತ್ತಿದ್ದವು.

ಇನ್ನು ಹಲ್ಲುಚಕ್ರಗಳ ಮಾತು. ಮೋಟಾರು ವೇಗವಾಗಿ ತಿರುಗುತ್ತದೆ, ಆದರೆ ಅದರ ತಿರುಗುಬಲ ಅಲ್ಪ. ಕಾಲಿಗೆ ಬೇಕಾದುದು ನಿಧಾನವಾದ ಚಲನೆ, ಅಧಿಕವಾದ ಬಲ. ಹಲ್ಲುಚಕ್ರಗಳು ಇವೆರಡನ್ನೂ ಹೊಂದಿಸುತ್ತವೆ. ಆದರೆ ವೇಗವನ್ನು ನೂರಾರು ಪಾಲು ತಗ್ಗಿಸುವ ಚಕ್ರಜೋಡಣೆಯಿದ್ದರೆ ಕಾಲು ಬಿಗಿದುಕೊಳ್ಳುತ್ತದೆ; ಕಲ್ಲಿಗೆ ತಾಗಿದ ಪೆಟ್ಟಿಗೆ ಮಣಿಯಲಾರದೆ ಹಲ್ಲುಗಳೇ ಮುರಿಯಬಹುದು. ಅಗಲವಾದ ಮೋಟಾರು, ಕಡಮೆ ಹಲ್ಲುಚಕ್ರಗಳು — ನಮ್ಮ ಕಲ್ಲುದಾರಿಗೆ ಇದೇ ಯೋಗ್ಯವಾದ ಮಾರ್ಗ. ತೂಕ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಕೆಟ್ಟಾಗ ಪೇಟೆಯ ಯಂತ್ರ ದುರಸ್ತಿಯವನೇ ಬಿಚ್ಚಿ ಸರಿಪಡಿಸುವಂತಿರಬೇಕು. ದೂರದ ದೇಶದಿಂದ ಬಿಡಿಭಾಗ ಬರುವವರೆಗೆ ಮೂಲೆಯಲ್ಲಿ ಬಿದ್ದಿರುವ ಯಂತ್ರದಿಂದ ಬೆಟ್ಟದ ಜನರಿಗೆ ಏನು ಪ್ರಯೋಜನ?

ಇಂತಹ ಯಂತ್ರವು ವೈದ್ಯನ ಸ್ಥಾನವನ್ನಾಗಲಿ ರಸ್ತೆಯ ಸ್ಥಾನವನ್ನಾಗಲಿ ತುಂಬಲಾರದು. ಅದು ಬರುವವರೆಗೆ ಕಾಯಿರಿ ಎಂದು ಡೋಲಿ ಹೊರುವವರಿಗೆ ಹೇಳುವುದು ಅನ್ಯಾಯ. ಬ್ಯಾಟರಿಯ ಶಕ್ತಿ ಇನ್ನೂ ಪರಿಮಿತವಾಗಿದೆ. ರೋಗಿಯನ್ನು ಅದರ ಮೇಲೆ ಮಲಗಿಸುವ ಮುನ್ನ ಅದು ಅಕ್ಕಿಮೂಟೆಯನ್ನೂ ಔಷಧಿಯ ಪೆಟ್ಟಿಗೆಯನ್ನೂ ನೂರಾರು ಸಲ ಬೀಳಿಸದೆ ತಲುಪಿಸಿ ತೋರಿಸಬೇಕು.

ಈ ಕಾರ್ಯವನ್ನು ಯಾರು ಕೈಗೊಳ್ಳಬೇಕು? ಯಾವ ಕಲ್ಲು ಜಾರುತ್ತದೆ, ಮಳೆಗಾಲದಲ್ಲಿ ಯಾವ ಹಳ್ಳ ತುಂಬುತ್ತದೆ ಎಂಬುದು ಆ ಹಾದಿಯಲ್ಲಿ ನಡೆದವರಿಗೆ ಗೊತ್ತು. ಚಾಮರಾಜನಗರದಲ್ಲಿ ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಈ ಸೀಮೆಯ ವಿದ್ಯಾರ್ಥಿಗಳು ಮೊದಲು ಡೋಲಿ ಹೊತ್ತವರ ಹೆಗಲ ಮೇಲಿನ ಗುರುತನ್ನು ನೋಡಲಿ. ಅವರೊಡನೆ ಒಂದು ದಿನ ಆ ಇಳಿಜಾರಿನಲ್ಲಿ ನಡೆಯಲಿ. ಅನಂತರ ಕಾಗದದ ಮೇಲೆ ಕಾಲಿನ ಚಿತ್ರವನ್ನು ಬರೆಯಲಿ. ಹಾಗೆ ಹುಟ್ಟಿದ ಯಂತ್ರವು ನಿಧಾನವಾಗಿ ನಡೆದರೂ ತಲುಪಬೇಕಾದ ಕಡೆಗೆ ತಲುಪುವುದು.