ಗಾಲಿ ಕೊಟ್ಟರು, ನೆಲ ಕೊಡಲಿಲ್ಲ

ಕಾಲಿನಲ್ಲಿ ಬಲವಿಲ್ಲದವನ ಕಷ್ಟವೆಲ್ಲ ಅವನ ಕಾಲಿನಲ್ಲೇ ಇದೆಯೆಂದು ಸಮಾಜ ನಂಬಿಕೊಂಡಿದೆ. ಹಣೆಬರಹ, ಪೂರ್ವಕರ್ಮ ಎಂದು ಕನಿಕರ ತೋರಿ ಕೈತೊಳೆದುಕೊಳ್ಳಲು ಈ ನಂಬಿಕೆ ಬಲು ಅನುಕೂಲ. ನಾವು ಕೇಳುವುದಿಷ್ಟೆ: ಮೂರುಗಾಲಿ ಸೈಕಲ್ಲನ್ನು ಕೈಯಿಂದ ತುಳಿಯುತ್ತ ಪೇಟೆಯವರೆಗೆ ಬಂದವನು, ಅಂಗಡಿಯ ಎರಡಡಿ ಕಟ್ಟೆಯ ಮುಂದೆ ಬಿಸಿಲಿನಲ್ಲಿ ನಿಂತು ಸಾಮಾನು ಕೂಗಿ ಕೇಳಬೇಕಾದರೆ, ಅವನನ್ನು ತಡೆದದ್ದು ಕಾಲೋ, ಕಟ್ಟೆಯೋ?

ಇವರಾರೂ ಹೊರಗಿನವರಲ್ಲ. ಈ ಊರಿನ ಹತ್ತಿಗಿರಣಿಗಳಲ್ಲಿ ಪಾಳಿಯುದ್ದಕ್ಕೂ ನಿಂತು ಮೊಣಕಾಲು ಸವೆಸಿದವರಿದ್ದಾರೆ, ಯಂತ್ರಕ್ಕೆ ಪಾದ ಕೊಟ್ಟವರಿದ್ದಾರೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಮೇಲು.

ಸರ್ಕಾರ ಇವರಿಗೆ ಮಾಸಾಶನ ಕೊಡುತ್ತದೆ, ಗಾಲಿ ಹಂಚುತ್ತದೆ. ಸಾರಿಗೆ ಸಂಸ್ಥೆಯು ಮನೆಯಿಂದ 100 ಕಿಲೋಮೀಟರಿನವರೆಗೆ ರಿಯಾಯಿತಿ ಪಾಸು ಕೊಡುತ್ತದೆ. ಒಳ್ಳೆಯದೇ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಆದರೆ ಬಸ್ಸಿನ ಮೆಟ್ಟಿಲು ಮೊಣಕಾಲಿನಷ್ಟು ಎತ್ತರ. ಪಾಸು ಜೇಬಿನಲ್ಲಿ, ಮನುಷ್ಯ ನೆಲದ ಮೇಲೆ. ದಿನವೂ ಆಟೋ ಮಾಡಿದರೆ ಕೂಲಿಯಲ್ಲಿ ಉಳಿಯುವುದೇನು? ಹೀಗೆ ಕೆಲಸ ಬಿಟ್ಟವನನ್ನೇ ಆಮೇಲೆ ‘ದುಡಿಯಲಾರದವನು’ ಎನ್ನುತ್ತಾರೆ.

ಕಾನೂನಿಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಸಾರ್ವಜನಿಕರು ಬಳಸುವ ಹಳೆಯ ಕಟ್ಟಡಗಳನ್ನೂ ನಿಯಮಗಳು ಬಂದ ಐದು ವರ್ಷದೊಳಗೆ ತಿದ್ದಬೇಕೆಂದು ವಿಧಿಸಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರ ಜೂನ್‌ಗೆ ತೀರಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಬರಿಯ ಸಲಹೆ ಸಾಲದು, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ಮಾಡಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ದಾವಣಗೆರೆ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿ ಸೇರಿತ್ತು. 2025ರ ಮಾರ್ಚ್‌ಗೆ ಆ ಯೋಜನೆಯೂ ಮುಗಿಯಿತು. ಕಟ್ಟೆಗಳು ಮಾತ್ರ ಕದಲಲಿಲ್ಲ.

ಸಾಧ್ಯವಿಲ್ಲವೆಂದು ಯಾರೂ ಹೇಳಕೂಡದು. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇಕಡಾ 40 ಅಥವಾ ಹೆಚ್ಚು ಅಂಗವಿಕಲತೆ ಇದ್ದವರ ಮನೆಬಾಗಿಲಿಗೇ ಮತಪತ್ರ ಬಂತು. ವೋಟು ಬೇಕಾದಾಗ ದಾರಿ ಕಾಣುತ್ತದೆ. ರೇಷನ್ ತರುವ ದಿನ, ಬ್ಯಾಂಕಿಗೆ ಹೋಗುವ ದಿನ ಕಾಣುವುದಿಲ್ಲ.

ವ್ಯಾಪಾರಿ ಬಂಧುಗಳ ಉತ್ತರ ನಮಗೆ ಗೊತ್ತು. ಕಟ್ಟೆ ಎತ್ತರಿಸದಿದ್ದರೆ ಮಳೆಗಾಲದಲ್ಲಿ ಚರಂಡಿ ನೀರು ಅಕ್ಕಿಮೂಟೆಗೆ ಮುಟ್ಟುತ್ತದೆ. ಮಾತು ಸುಳ್ಳಲ್ಲ. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಪದರ ಹಾಕಿದರೆ ರಸ್ತೆ ಏರುತ್ತದೆ. ರಸ್ತೆ ಏರಿತೆಂದು ಅಂಗಡಿಯವನು ಹೊಸ್ತಿಲು ಏರಿಸುತ್ತಾನೆ. ಈ ಪೈಪೋಟಿಯಲ್ಲಿ ಬಡ ವ್ಯಾಪಾರಿಗೆ ಮಾತ್ರ ನೋಟೀಸು ಕೊಡುವುದನ್ನು ನಾವು ಒಪ್ಪುವುದಿಲ್ಲ. ಮೊದಲು ಚರಂಡಿ ಸರಿಯಾಗಲಿ. ಅದು ಇಲ್ಲಿ ಮಹಾನಗರ ಪಾಲಿಕೆಯ, ಹರಿಹರದಲ್ಲಿ ನಗರಸಭೆಯ ಹೊಣೆ. ಆದರೆ ಕಾಲುದಾರಿಯ ಮೇಲಿಟ್ಟ ಮೂಟೆ, ನಿಲ್ಲಿಸಿದ ಬೈಕು ತೆಗೆಯುವುದಕ್ಕೆ ಯಾವ ಚರಂಡಿಯೂ ಅಡ್ಡಬಂದಿಲ್ಲ. ಅದು ಇಂದೇ ಆಗಬಹುದು, ಕಾಸೂ ಬೇಡ.

ಇಳಿಜಾರು ಕಟ್ಟುವವರೂ ಲೆಕ್ಕ ತಿಳಿದು ಕಟ್ಟಲಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ಕಡಿದಾಗಿ ಸುರಿದ ಸಿಮೆಂಟಿನ ದಿಬ್ಬ ಮಾಲೀಕರ ಬೈಕು ಹತ್ತಿಸಲು ಚೆನ್ನ. ಗಾಲಿಕುರ್ಚಿ ಅಲ್ಲಿ ಹಿಮ್ಮುಖವಾಗಿ ಉರುಳುತ್ತದೆ.

ಈ ಅನುಕೂಲವಿಲ್ಲದ ಹೊಸ ಕಟ್ಟಡಕ್ಕೆ ಪರವಾನಗಿ ಕೊಡಕೂಡದೆಂದು ಕಾಯಿದೆಯೇ ಹೇಳಿದೆ. ಪಾಲಿಕೆ, ನಗರಸಭೆ ಹಾಗೂ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಇದನ್ನು ಅಕ್ಷರಶಃ ಪಾಲಿಸಬೇಕು. ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ಯಾವುದು ಎಂದಿಗೆ ಸರಿಯಾಗುತ್ತದೆಂಬ ಪಟ್ಟಿಯನ್ನು ದಿನಾಂಕ ಸಹಿತ ಬಾಗಿಲಿಗೆ ಅಂಟಿಸಬೇಕು. ಪಟ್ಟಿ ಮಾಡುವ ಮುನ್ನ ಅಂಗವಿಕಲರನ್ನೇ ಕರೆದು ಕೇಳಬೇಕೆಂದು ನಾವು ಒತ್ತಾಯಿಸುತ್ತೇವೆ. ಆ ಸಭೆಯನ್ನು ಮಹಡಿಯ ಮೇಲೆ ಕರೆಯುವುದು ಬೇಡ.