ರಟ್ಟಿನ ಮೇಲೊಂದು ಹಡಗು

ಮಕ್ಕಳೇ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಸೇಂಟ್ ಐವ್ಸ್ ಎಂಬ ಕಡಲ ತೀರದ ಊರಿದೆ. ಮೀನುಗಾರರು, ಚಿತ್ರಕಾರರು, ಶಿಲ್ಪಿಗಳು ಬಾಳಿದ ಊರು. ಅಲ್ಲಿ ಗೈಡ್ ಇಲ್ಲದೆ ಸುತ್ತುವವರಿಗೆ ನಾನು ಮೊದಲು ಹೇಳುವ ಜಾಗ ಸ್ಮಶಾನ! ಹೆದರಬೇಡಿ. ಪೋರ್ತ್‌ಮಿಯರ್ ಕಡಲ ತೀರದ ಮೇಲ್ಗಡೆ ಆಲ್ಫ್ರೆಡ್ ವಾಲಿಸ್ ಅಜ್ಜನ ಸಮಾಧಿಯಿದೆ.

ಕಡಲಿನಲ್ಲಿ ದುಡಿದಿದ್ದ ಈ ಅಜ್ಜ, ಹೆಂಡತಿ ತೀರಿಕೊಂಡ ಮೇಲೆ ಒಂಟಿತನ ಕಳೆಯಲು ಕುಂಚ ಹಿಡಿದರು. ಆಗ ವಯಸ್ಸು 70ರ ಹತ್ತಿರ. ಹರಕು ರಟ್ಟಿನ ಮೇಲೆ ದೋಣಿಗೆ ಬಳಿಯುವ ಬಣ್ಣದಿಂದ ಹಡಗುಗಳನ್ನು ಬರೆದರು. 1942ರಲ್ಲಿ ಬಡವರ ಆಶ್ರಯಧಾಮದಲ್ಲಿ ತೀರಿಕೊಂಡರು. ಸಮಾಧಿಯ ಟೈಲ್ಸ್ ಮಾಡಿದವರು ಅದೇ ಊರಿನ ಹೆಸರಾಂತ ಕುಂಬಾರ ಬರ್ನಾರ್ಡ್ ಲೀಚ್. ಅದರಲ್ಲಿ ದೊಡ್ಡ ದೀಪಸ್ತಂಭವಿದೆ. ಅದರ ಬುಡದಲ್ಲಿರುವ ಪುಟ್ಟ ಮನುಷ್ಯನನ್ನು ಹುಡುಕಿ.

ಪಕ್ಕದಲ್ಲೇ ಟೇಟ್ ಗ್ಯಾಲರಿ. ಅದನ್ನು ಆಮೇಲೆ ನೋಡಿದರಾಯಿತು. ಮೊದಲು ಮರಳಿನ ಮೇಲೆ ಕೂತು, ಬಿಸ್ಕತ್ತಿನ ರಟ್ಟು ಬಿಚ್ಚಿ, ಕಂಡ ದೋಣಿಯನ್ನು ಬರೆಯಿರಿ.